ಹಲ್ಲಿನ ಸೆಟ್ಟನ್ನು ಬಾಯಲ್ಲಿಟ್ಟು ನೋಡಿ, ಆಮೇಲೆ ಅಂಕ ಹಾಕಿ

ಕೇಳುಗರಿಗೆ ನಮಸ್ಕಾರ. ಹಲ್ಲೆಲ್ಲ ಉದುರಿದವರಿಗೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪೂರ್ತಿ ಹಲ್ಲಿನ ಸೆಟ್ ಮಾಡಿಕೊಡುತ್ತಾರೆ, ಕಂಪ್ಲೀಟ್ ಡೆಂಚರ್ ಅಂತಾರಲ್ಲ, ಅದೇ. ಆ ಸೆಟ್ಟಿಗೆ ಅಧ್ಯಾಪಕರು ಅಂಕ ಹೇಗೆ ಹಾಕಬೇಕು ಅನ್ನೋದು ಇವತ್ತಿನ ಮಾತು. ಅದು ಕಾಲೇಜಿನವರ ವಿಷಯ, ನಮಗೇಕೆ ಅನ್ನಬೇಡಿ. ಆ ಸೆಟ್ ಹೋಗಿ ಕೂರೋದು ಯಾರದೋ ಅಜ್ಜಿಯ ಬಾಯಲ್ಲಿ. ಕೆಟ್ಟ ಕೆಲಸಕ್ಕೆ ಒಳ್ಳೆ ಅಂಕ ಬಿದ್ದರೆ ನೋವು ಪಡುವವರು ಅವರೇ.

ಮೇಜಿನ ಮೇಲಿಟ್ಟಾಗ ಎಲ್ಲ ಸೆಟ್ಟೂ ಚೆಂದವೇ. ಅಕ್ರಿಲಿಕ್ಕಿನಲ್ಲಿ ಸಣ್ಣ ತೂತುಗಳಿವೆಯಾ, ಅಂಚು ದುಂಡಗಿದೆಯಾ, ಪಾಲಿಶ್ ಸರಿಯಾಗಿದೆಯಾ, ಇಷ್ಟನ್ನು ಅಲ್ಲೇ ನೋಡಬಹುದು, ನೋಡಲೂ ಬೇಕು. ಆದರೆ ಅದು ಬಾಯಲ್ಲಿ ನಿಲ್ಲುತ್ತಾ, ಹಾಕಿಕೊಂಡು ಮಾತಾಡೋಕೆ ಆಗುತ್ತಾ, ಕಚ್ಚಿದಾಗ ಎರಡೂ ಕಡೆ ಒಟ್ಟಿಗೆ ತಾಗುತ್ತಾ ಅನ್ನೋದನ್ನು ಮೇಜು ಹೇಳೋದಿಲ್ಲ.

ಮೇಲಿನ ಸೆಟ್ ತೆಗೆದುಕೊಳ್ಳಿ. ಬಾಯಲ್ಲಿ ಕೂರಿಸಿ, ಮುಂದಿನ ಹಲ್ಲುಗಳನ್ನು ಹಿಡಿದು ಮೆಲ್ಲಗೆ ಹೊರಕ್ಕೆ ತಳ್ಳಿ. ಹಿಂದಿನ ಅಂಚು ಪಟ್ಟಂತ ಬಿಟ್ಟುಕೊಂಡರೆ, ಬಾಯಿಯ ಗಟ್ಟಿ ಅಂಗಳವೂ ಮೆತ್ತನೆಯ ಅಂಗಳವೂ ಸೇರುವ ಕಡೆ ಮಾಡಬೇಕಿದ್ದ ಪೋಸ್ಟ್ ಡ್ಯಾಮ್, ಅಂದರೆ ಗಾಳಿ ಒಳನುಗ್ಗದಂತೆ ತಡೆಯುವ ಉಬ್ಬಂಚು, ಸರಿಯಾಗಿಲ್ಲ ಅಂತ ಅರ್ಥ. ಆಮೇಲೆ ಒಂದು ಕಡೆಯ ಹಲ್ಲಿನ ಮೇಲೆ ಬೆರಳಿಟ್ಟು ಒತ್ತಿ. ಇನ್ನೊಂದು ಕಡೆ ಬಿಟ್ಟುಕೊಂಡು ಕೆಳಗಿಳಿದರೆ ಸೆಟ್ ಅಲ್ಲಾಡುತ್ತಿದೆ. ಇಷ್ಟಕ್ಕೆ ಒಂದು ನಿಮಿಷವೂ ಬೇಡ. ಆದರೂ ಎಷ್ಟೋ ಕಡೆ ಇದನ್ನು ಮಾಡದೇ ಅಂಕ ಬಿದ್ದುಬಿಡುತ್ತದೆ.

ಕೆಳಗಿನ ಸೆಟ್ಟಿನ ಕಥೆ ಬೇರೆ. ಅದಕ್ಕೆ ಕೂರಲು ಸಿಗುವ ಜಾಗ ಮೇಲಿನದಕ್ಕಿಂತ ತುಂಬ ಕಡಿಮೆ, ಜೊತೆಗೆ ನಾಲಿಗೆ ಸುಮ್ನೆ ಇರೋದಿಲ್ಲ. ಹಲ್ಲು ಹೋದ ಮೇಲೆ ಕೆಳದವಡೆಯ ಎಲುಬು ಮೇಲಿನದಕ್ಕಿಂತ ಜಾಸ್ತಿ ಸವೆಯುತ್ತದೆ. 25 ವರ್ಷ ಒಂದಷ್ಟು ಜನರನ್ನು ಗಮನಿಸಿ 1972ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಸವೆತ ಸುಮಾರು ನಾಲ್ಕು ಪಟ್ಟು ಕಂಡಿತ್ತು. ಹೀಗಿರುವಾಗ ದಿಂಡು, ಅಂದರೆ ಹಲ್ಲಿದ್ದ ಜಾಗದ ಎಲುಬಿನ ಏರು, ಪೂರ್ತಿ ಸವೆದು ಚಪ್ಪಟೆಯಾದ ರೋಗಿ ಒಬ್ಬ ವಿದ್ಯಾರ್ಥಿಗೆ ಸಿಕ್ಕಿ, ಒಳ್ಳೆ ಎತ್ತರದ ದಿಂಡಿರುವ ರೋಗಿ ಇನ್ನೊಬ್ಬರಿಗೆ ಸಿಕ್ಕಿ, ಇಬ್ಬರಿಗೂ ಒಂದೇ ಅಳತೆಕೋಲು ಹಿಡಿದರೆ ಅದು ನ್ಯಾಯ ಅಲ್ಲ. ಕೆಲಸ ಶುರುವಾಗುವ ಮೊದಲೇ ರೋಗಿಯ ಬಾಯಿ ಎಷ್ಟು ಕಷ್ಟದ್ದು ಅಂತ ಬರೆದಿಟ್ಟು, ಅಂಕ ಹಾಕುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಎತ್ತರ, ಅಂದರೆ ಸೆಟ್ ಹಾಕಿ ಕಚ್ಚಿದಾಗ ಎರಡು ದವಡೆಗಳ ನಡುವೆ ಉಳಿಯುವ ಅಂತರ. ದವಡೆ ವಿಶ್ರಾಂತಿಯಲ್ಲಿದ್ದಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಜಾಗ ಇರಬೇಕು. ಅದು ಇಲ್ಲದಿದ್ದರೆ ಮಾತಾಡುವಾಗ ಹಲ್ಲುಗಳು ಕಟಕಟ ತಾಗುತ್ತವೆ, ದವಡೆ ನೋಯುತ್ತದೆ. ಜಾಸ್ತಿಯಾದರೆ ಮುಖ ಕುಗ್ಗಿದ ಹಾಗೆ ಕಾಣುತ್ತದೆ. ಇದಕ್ಕೆ ರೋಗಿಯನ್ನು ಮಾತಾಡಿಸಿದರೆ ಸಾಕು. "ವಿಶ್ವಾಸ" ಅನ್ನಿಸಿ ನೋಡಿ. ವ ಅನ್ನುವಾಗ ಮೇಲಿನ ಮುಂಬಲ್ಲಿನ ತುದಿ ಕೆಳತುಟಿಯ ಒಳಅಂಚಿಗೆ ಹಗುರವಾಗಿ ಬರಬೇಕು, ಸ ಅನ್ನುವಾಗ ಮೇಲಿನ ಕೆಳಗಿನ ಹಲ್ಲುಗಳು ತೀರಾ ಹತ್ತಿರ ಬರಬೇಕು, ಆದರೆ ತಾಗಬಾರದು.

ಎತ್ತರ ತಪ್ಪಿದ್ದರೆ ಅದನ್ನು ಹಿಡಿಯಬೇಕಾದದ್ದು ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವ ಟ್ರೈ-ಇನ್ ದಿನ. ಆಗ ಬಿಚ್ಚಿ ಮತ್ತೆ ಜೋಡಿಸಬಹುದು. ಅಕ್ರಿಲಿಕ್ ಬೇಯಿಸಿದ ಮೇಲೆ ಅಷ್ಟು ಸುಲಭವಲ್ಲ. ಅದಕ್ಕೇ ಕೊನೆಯ ದಿನ ಒಂದೇ ಸಲ ಅಂಕ ಹಾಕುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮೊದಲ ಅಚ್ಚು, ಅಚ್ಚು ತೆಗೆಯುವ ಟ್ರೇಯ ಅಂಚು ಕೂರಿಸುವ ಬಾರ್ಡರ್ ಮೋಲ್ಡಿಂಗ್, ಎರಡನೇ ಅಚ್ಚು, ದವಡೆಯ ಅಳತೆ, ಟ್ರೈ-ಇನ್, ಹೀಗೆ ಹಂತ ಹಂತಕ್ಕೂ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಅಧ್ಯಾಪಕರು ಕೈ ಹಾಕುವ ಮೊದಲು ವಿದ್ಯಾರ್ಥಿಯೇ ತನ್ನ ಕೆಲಸದಲ್ಲಿ ಏನು ಸರಿ, ಏನು ತಪ್ಪು ಅಂತ ಬರೆದುಕೊಡಬೇಕು. ತಪ್ಪಿರುವುದು ದೊಡ್ಡ ವಿಷಯವಲ್ಲ, ಅದು ಕಣ್ಣಿಗೇ ಬೀಳದಿದ್ದರೆ ನಿಜಕ್ಕೂ ಚಿಂತೆ ಮಾಡಬೇಕು.

ಅಧ್ಯಾಪಕರ ಕಡೆಯೂ ಒಂದು ತೊಂದರೆ ಇದೆ. ಒಂದೇ ಸೆಟ್ಟಿಗೆ ಒಬ್ಬರು 8 ಕೊಟ್ಟರೆ ಇನ್ನೊಬ್ಬರು 5 ಕೊಡುತ್ತಾರೆ, ಯಾಕೆಂದರೆ ಒಬ್ಬರ ಕಣ್ಣು ಹಲ್ಲಿನ ಸಾಲಿನ ಮೇಲೆ, ಇನ್ನೊಬ್ಬರದು ಅಂಚಿನ ಮೇಲೆ. "ಒಟ್ಟಾರೆ ಪರವಾಗಿಲ್ಲ" ಅಂತ ಅಂಕ ಹಾಕಿದರೆ ಹೀಗೇ ಆಗೋದು. ಏನೇನು ನೋಡಬೇಕು, ಎಷ್ಟಿದ್ದರೆ ಪಾಸು ಅಂತ ಎಲ್ಲರೂ ಕೂತು ತೀರ್ಮಾನಿಸಿ, ಒಂದಷ್ಟು ಸೆಟ್‌ಗಳಿಗೆ ಬೇರೆಬೇರೆಯಾಗಿ ಅಂಕ ಹಾಕಿ, ತಾಳೆ ನೋಡಿ, ಎಲ್ಲಿ ಜಾಸ್ತಿ ವ್ಯತ್ಯಾಸ ಬಂತೋ ಅಲ್ಲಿ ಮತ್ತೆ ಮಾತಾಡಬೇಕು. ಇದನ್ನು ಆಗಾಗ ಮಾಡುತ್ತಲೇ ಇರಬೇಕು.

ರೋಗಿಯ ಮಾತು ಕೇಳಬೇಡವೇ? ಕೇಳಲೇಬೇಕು. ಆದರೆ ತಾಂತ್ರಿಕವಾಗಿ ಒಳ್ಳೆಯ ಸೆಟ್ ಕೆಲವರಿಗೆ ಒಗ್ಗೋದಿಲ್ಲ, ಸಡಿಲ ಸೆಟ್ಟಿನಲ್ಲೇ ಕೆಲವರು ಖುಷಿಯಾಗಿರುತ್ತಾರೆ. ಹಾಗಾಗಿ ರೋಗಿಯ ತೃಪ್ತಿಯನ್ನೇ ನೇರವಾಗಿ ವಿದ್ಯಾರ್ಥಿಯ ಅಂಕ ಮಾಡಬಾರದು, ಪಕ್ಕದಲ್ಲಿ ಬೇರೆಯಾಗಿ ಬರೆದಿಡಬೇಕು.

ಕೊನೆಯ ಅಂಕವನ್ನು ಸೆಟ್ ಕೊಟ್ಟ ದಿನ ಹಾಕಬೇಡಿ. ಮರುದಿನ ಮತ್ತು ಒಂದು ವಾರದ ಮೇಲೆ ರೋಗಿ ಬರುತ್ತಾರೆ, ಒಸಡಿನಲ್ಲಿ ಕೆಂಪಗೆ ಹುಣ್ಣಾಗಿರಬಹುದು. ಅಂಚಿನ ಉದ್ದಕ್ಕೂ ಹುಣ್ಣಿದ್ದರೆ ಸಾಮಾನ್ಯವಾಗಿ ಅಂಚು ಉದ್ದವಾಗಿದೆ. ದಿಂಡಿನ ಮೇಲೆ ಇದ್ದರೆ ಕಚ್ಚುವುದರಲ್ಲೇ ತಪ್ಪಿರಬಹುದು. ಸೆಟ್ಟಿನ ಒಳಮೈಗೆ ಒತ್ತಡ ತೋರಿಸುವ ಪೇಸ್ಟನ್ನು ಬ್ರಷ್ಷಿನಿಂದ ತೆಳ್ಳಗೆ ಸವರಿ, ಬಾಯಲ್ಲಿ ಕೂರಿಸಿ ತೆಗೆದರೆ, ಜಾಸ್ತಿ ಒತ್ತುವ ಕಡೆ ಪೇಸ್ಟ್ ಒರೆಸಿಹೋಗಿ ಗುಲಾಬಿ ಅಕ್ರಿಲಿಕ್ ಕಾಣುತ್ತದೆ. ಕಚ್ಚುವುದನ್ನೂ ಪರೀಕ್ಷಿಸಿ, ಕಾರಣ ಹೇಳಿ, ಆಮೇಲೆ ಅಲ್ಲಿ ಮಾತ್ರ ಉಜ್ಜುವ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಿ. ನೋವು ಅಂದ ತಕ್ಷಣ ಸಿಕ್ಕಸಿಕ್ಕಲ್ಲಿ ಉಜ್ಜಿದವರಿಗೆ, ಅವರ ಸೆಟ್ ಎಷ್ಟೇ ಹೊಳೆಯುತ್ತಿದ್ದರೂ, ಅಂಕ ಕಳೆಯಿರಿ. ನಮಸ್ಕಾರ.