ಇಳಕಲ್ ಸೀರೆಗೆ ಊರಿದೆ, ನಮ್ಮ ವೈನಿಗೆ ಯಾಕಿಲ್ಲ?

ಎಲ್ಲರಿಗೂ ನಮಸ್ಕಾರ. ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ಮುಂದೆಯೇ ಕೂತಿದ್ದೀರಿ, ಹಾಗಾಗಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದರ ಬಗ್ಗೆ ನಾನು ಹೇಳುವುದು ಬೇಡ. ನೇರ ವಿಷಯಕ್ಕೆ ಬರುತ್ತೇನೆ. ನನಗೆ ವೈನ್ ಅಂದರೆ ಪ್ರೀತಿ. ಅದಕ್ಕೇ ಅದರ ಲೇಬಲ್ ಮೇಲೆ ಇಷ್ಟು ಸಿಟ್ಟು.

ಹೋದ ವರ್ಷ ಮನೆಗೆ ಐದು ಜನ ಗೆಳೆಯರು ಬಂದಿದ್ದರು. ಮೂರು ಬಾಟಲಿಗೆ ಹಳೆ ಪೇಪರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಒಂದು, ಎರಡು, ಮೂರು ಅಂತ ಬರೆದಿಟ್ಟೆ. ಒಂದನೆಯದು ದುಬಾರಿ, ಬಂಗಾರದ ಅಕ್ಷರದಲ್ಲಿ 'ರಿಸರ್ವ್' ಅಂತ ಇದ್ದದ್ದು. ಎರಡನೆಯದೂ ಮೂರನೆಯದೂ ಒಂದೇ ವೈನ್, ಒಂದೇ ಪೆಟ್ಟಿಗೆಯಿಂದ ತೆಗೆದದ್ದು. ಎಲ್ಲರೂ ಕುಡಿದರು, ಜೋರು ಚರ್ಚೆಯೂ ಆಯಿತು. ಎರಡನೆಯದು ಹುಳಿ, ಮೂರನೆಯದು ಅದ್ಭುತ ಅಂದರು! ದುಬಾರಿಯದು ಯಾರಿಗೂ ಹಿಡಿಸಲಿಲ್ಲ. ಪೇಪರ್ ಬಿಚ್ಚಿದೆ ನೋಡಿ, ಎಲ್ಲರ ಕೈಯೂ ಬಂಗಾರದ ಅಕ್ಷರದ ಕಡೆಗೇ ಹೋಯಿತು. 'ಈಗ ರುಚಿ ತೆರೆದುಕೊಂಡಿದೆ' ಅಂದರು ಒಬ್ಬರು.

ಅವರನ್ನು ದೂರುವುದು ಬೇಡ. 2001ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಫ್ರೆಡೆರಿಕ್ ಬ್ರೋಶೆ ಎಂಬುವರು ಬಿಳಿ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟರು. ವೈನ್ ವಿದ್ಯೆಯನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. ನಾಲಿಗೆಗಿಂತ ಕಣ್ಣು ಮೊದಲು ಕುಡಿಯುತ್ತದೆ, ಅಲ್ವಾ?

ಆ 'ರಿಸರ್ವ್' ಪದವನ್ನೇ ನೋಡಿ. ಸ್ಪೇನಿನ ರಿಯೋಹಾದಲ್ಲಿ ಕೆಂಪು ವೈನಿಗೆ 'ರಿಸರ್ವಾ' ಅಂತ ಬರೆಯಬೇಕಾದರೆ ಅದು 3 ವರ್ಷ ಮಾಗಬೇಕು, ಅದರಲ್ಲಿ ಕನಿಷ್ಠ 1 ವರ್ಷ ಓಕ್ ಪೀಪಾಯಿಯಲ್ಲಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅದೇ ಪದಕ್ಕೆ ಯಾವ ಅಳತೆಯೂ ಇಲ್ಲ. ಒಂದು ಕಡೆ ಲೆಕ್ಕ, ಇನ್ನೊಂದು ಕಡೆ ಸುಮ್ನೆ ಅಲಂಕಾರ.

ಇಳಕಲ್ ಸೀರೆ ಅಂತೀವಿ. ಬೆಳಗಾವಿ ಕುಂದಾ, ಗೋಕಾಕ ಕರದಂಟು. ಊರ ಹೆಸರೇ ನಮ್ಮ ಲೇಬಲ್. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲೇ ಜಿಐ, ಅಂದರೆ ಊರ ಹೆಸರಿಗೆ ಕಾನೂನಿನ ಗುರುತು, ಸಿಕ್ಕಿತು. ನಮ್ಮ ಒಣದ್ರಾಕ್ಷಿ ಮಾತ್ರ ಮಹಾರಾಷ್ಟ್ರದ ತಾಸಗಾಂವ್ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಮುಂದೆ ನಮ್ಮ ಹೆಸರಿಲ್ಲದೆ ಹೋಗುತ್ತದೆ. ವೈನಿಗೂ ಅದೇ ಗತಿ ಬರಬಾರದು. 2007ರಲ್ಲಿ ರಾಜ್ಯಕ್ಕೆ ವೈನ್ ನೀತಿ ಬಂತು, ವೈನ್ ಮಂಡಳಿ ಬಂತು. ನಮ್ಮ ಈ ದ್ರಾಕ್ಷಿ ಸೀಮೆಗೆ ಕೃಷ್ಣಾ ಕಣಿವೆ ಅನ್ನೋ ಒಳ್ಳೆ ಹೆಸರೂ ಇದೆ. ನಾನು ಕೊಳ್ಳುವ ಬಾಟಲಿಗಳ ಮೇಲೆ ಕೋಟೆಯ ಚಿತ್ರ ಕಾಣುತ್ತದೆ, ಕುದುರೆಯ ಚಿತ್ರ ಕಾಣುತ್ತದೆ. ಊರೆಲ್ಲಿ?

ಸಂಘಟಕರಿಂದ ಚೀಟಿ ಬಂತು, ಇನ್ನು ಐದೇ ನಿಮಿಷ ಅಂತೆ. ಬೆಲೆಯ ವಿಷಯ ಬಿಡುತ್ತೇನೆ. ಬಿಸಿಲಿನ ಬಗ್ಗೆ ಒಂದೇ ಮಾತು: ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ, ನಾನು ಹೋಗುವ ಒಂದು ಅಂಗಡಿಯಲ್ಲಿ ಬಾಟಲಿಗಳು ಕಿಟಕಿಯ ಬಿಸಿಲಲ್ಲೇ ನಿಂತಿರುತ್ತವೆ. ಅದು ಒಳಗಿರುವ ವೈನನ್ನೇ ಕೆಡಿಸುತ್ತದೆ. ದಯವಿಟ್ಟು ನೆರಳಲ್ಲಿ ಇಡಿ.

ಹಿಂದಿನ ಲೇಬಲ್ ಮೇಲೆ ಮೂರೇ ಮಾತು ಸಾಕು. ಯಾವ ಊರ ತೋಟ, ಯಾವ ತಳಿ, ಫೆಬ್ರವರಿಯಲ್ಲಿ ಕೊಯ್ದದ್ದೋ ಮಾರ್ಚ್‌ನಲ್ಲೋ. ಹೊರಗಿನ ಮೇಜಿನ ಮೇಲೆ ಏಳು ಖಾಲಿ ಬಾಟಲಿ ಇಟ್ಟಿದ್ದೇನೆ. ಚಹಾ ಕುಡಿಯುತ್ತಾ ತಿರುಗಿಸಿ ನೋಡಿ. ನಿಮ್ಮ ಊರ ಹೆಸರು ಒಂದರ ಮೇಲಾದರೂ ಸಿಕ್ಕರೆ ಬಂದು ನನಗೆ ತೋರಿಸಿ.