ಕೊನೆಯ ಮೂರು ತಿಂಗಳ ಊಟ

ನಮಸ್ಕಾರ. ಹೆರಿಗೆ ಆಯ್ತು ಅಂತ ಫೋನ್ ಬಂದರೆ ನಾವು ಕೇಳುವುದು ಎರಡೇ ಮಾತು. ಗಂಡೋ ಹೆಣ್ಣೋ, ತೂಕ ಎಷ್ಟು? ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಡಾಕ್ಟರು ಸ್ವಲ್ಪ ಹುಷಾರಾಗುತ್ತಾರೆ. ಅಂಥ ಮಗುವಿನ ಮೈ ಬೇಗ ತಣ್ಣಗಾಗುತ್ತದೆ, ಸೋಂಕೂ ಬೇಗ ತಗಲುತ್ತದೆ.

ಬಸುರಿ ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ ಅನ್ನುವ ಹಿರಿಯರು ಬೆಂಗಳೂರಿನಲ್ಲೂ ಇದ್ದಾರೆ. ಆದರೆ ಲೆಕ್ಕ ನೋಡಿ. 28 ವಾರಕ್ಕೆ ಹೊಟ್ಟೆಯೊಳಗಿನ ಮಗು ಸುಮಾರು ಒಂದು ಕೆ.ಜಿ. ಇರುತ್ತದೆ. ಮಿಕ್ಕ ಎರಡು ಕೆ.ಜಿ. ತುಂಬಿಕೊಳ್ಳುವುದು ಆಮೇಲಿನ ಮೂರು ತಿಂಗಳಲ್ಲಿ. ಸೀಮಂತದ ದಿನ ಬಗೆಬಗೆ ಚಿತ್ರಾನ್ನ ಬಡಿಸಿ, ಮಾರನೇ ದಿನದಿಂದ ಅನ್ನ ಅಳೆದು ಹಾಕಿದರೆ ಹೇಗೆ? ಅತ್ತೆಯಂದಿರು ಇದನ್ನು ಕೇಳುತ್ತಿದ್ದರೆ ನನಗೆ ಸಂತೋಷ.

ಊಟದಷ್ಟೇ ಮುಖ್ಯ ರಕ್ತ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಅರ್ಧಕ್ಕಿಂತ ಹೆಚ್ಚು ಬಸುರಿಯರ ಕಥೆ ಇದೇ. ಕಬ್ಬಿಣದ ಮಾತ್ರೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಸುಮ್ನೆ ಕೊಡುತ್ತಾರೆ. ಮಲ ಕಪ್ಪಾಯಿತು ಅಂತ ಹೆದರಿ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ಕಪ್ಪಾಗುವುದು ಸಹಜ, ಭಯ ಬೇಡ. ಇನ್ನು ನಮ್ಮ ಫಿಲ್ಟರ್ ಕಾಫಿ! ಮಾತ್ರೆಯ ಬೆನ್ನಿಗೇ ಕಾಫಿ, ಟೀ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೆ ನುಂಗಬೇಡಿ, ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ನಿಂಬೆ ಪಾನಕದ ಜೊತೆ ತಗೊಂಡರೆ ಒಳ್ಳೆಯದು.

2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಸುರಿಯರಿಗೆ ಮಧ್ಯಾಹ್ನದ ಬಿಸಿಯೂಟ ಉಂಟು. ಒಳ್ಳೆಯ ಯೋಜನೆ. ಆದರೆ ಆ ಹೊತ್ತಿಗೆ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳು ಹೊಲಿಗೆ ಮೆಷಿನ್ ಮುಂದೆ ಇರುತ್ತಾಳೆ, ಅಲ್ವಾ? ಅವಳ ಡಬ್ಬಿಗೆ ಒಂದು ಮೊಟ್ಟೆಯೋ ಹಿಡಿ ಕಡಲೆಬೀಜವೋ ಮನೆಯವರೇ ಹಾಕಿ ಕಳಿಸಬೇಕು.

ಬಿ.ಪಿ. ಏರಿದರೆ ಮಗುವಿಗೆ ಹರಿಯುವ ರಕ್ತ ಕಡಿಮೆಯಾಗಿ ತೂಕ ಕುಂದಬಹುದು. ಇಪ್ಪತ್ತು ತುಂಬುವ ಮೊದಲೇ ಬಸುರಿ, ಒಂದರ ಹಿಂದೆಯೇ ಇನ್ನೊಂದು ಹೆರಿಗೆ, ಇವೂ ಕಾರಣಗಳೇ. ಗಂಡ ಮನೆಯೊಳಗೆ ಸೇದುವ ಸಿಗರೇಟಿನ ಹೊಗೆಯೂ ಮಗುವಿನ ತೂಕ ಇಳಿಸುತ್ತದೆ. ದಯವಿಟ್ಟು ಸೇದಬೇಡಿ.

ಹಾಗಂತ ನಾಲ್ಕು ಕೆ.ಜಿ. ದಾಟಿದ ಮಗು ಅಂದರೆ ಹಿಗ್ಗಬೇಕಾಗಿಯೂ ಇಲ್ಲ. ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಮಗು ವಿಪರೀತ ಬೆಳೆಯುತ್ತದೆ. ಹೆರಿಗೆ ಕಷ್ಟವಾಗುತ್ತದೆ, ಹುಟ್ಟಿದ ಮೇಲೆ ಮಗುವಿನ ಸಕ್ಕರೆ ಏಕಾಏಕಿ ಇಳಿಯಬಹುದು. 24ರಿಂದ 28ನೇ ವಾರದೊಳಗೆ ಸಕ್ಕರೆ ಪರೀಕ್ಷೆಗೆ ಕರೆದರೆ ತಪ್ಪಿಸಬೇಡಿ. ನಮಸ್ಕಾರ.