ರಾತ್ರಿ ಒಂಬತ್ತೂವರೆಯ ಹೋಂವರ್ಕ್

ಎಲ್ಲರಿಗೂ ನಮಸ್ಕಾರ. ಮಕ್ಕಳ ಕೈಯ ಫೋನಿನ ಮಾತು ಎತ್ತುವ ಮೊದಲು ನನ್ನದೇ ಒಂದು ತಪ್ಪು ಹೇಳಿಕೊಂಡುಬಿಡುತ್ತೇನೆ.

ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದ ಕಾಲ. ಒಂಬತ್ತನೇ ತರಗತಿಯ ಹುಡುಗನೊಬ್ಬ ಫಸ್ಟ್ ಪಿರಿಯಡ್‌ನಲ್ಲಿ ದಿನಾ ತೂಕಡಿಸುತ್ತಿದ್ದ. ಅವನ ತಾಯಿಯನ್ನು ಕರೆಸಿದೆ. ‘ರಾತ್ರಿ ಹೊತ್ತು ಮೊಬೈಲ್ ಯಾಕಮ್ಮ ಕೊಡ್ತೀರಿ?’ ಅಂತ ಸ್ವಲ್ಪ ಗಡುಸಾಗಿಯೇ ಕೇಳಿದೆ. ಆಕೆ ವಾದ ಮಾಡಲಿಲ್ಲ. ಬ್ಯಾಗಿನಿಂದ ಫೋನ್ ತೆಗೆದು, ಕ್ಲಾಸಿನ ವಾಟ್ಸಾಪ್ ಗ್ರೂಪ್ ತೆರೆದು ನನ್ನ ಮುಂದೆ ಹಿಡಿದರು. ಮರುದಿನ ಮಾಡಿಕೊಂಡು ಬರಬೇಕಿದ್ದ ಲೆಕ್ಕಗಳ ಫೋಟೊ. ಕಳಿಸಿದವನು ನಾನು. ಸಮಯ ರಾತ್ರಿ 9.34. ‘ಒಂಬತ್ತಕ್ಕೆ ಫೋನ್ ಇಸ್ಕೊಂಡು ಇಡ್ತೀನಿ ಸಾರ್. ಒಂಬತ್ತೂವರೆಗೆ ನಿಮ್ಮ ಮೆಸೇಜ್ ಬರುತ್ತೆ. ಹೋಂವರ್ಕ್ ನೋಡ್ಬೇಕು ಅಂತ ಮತ್ತೆ ತಗೊಂಡು ಹೋಗ್ತಾನೆ. ಆಮೇಲೆ ಅದು ನನ್ನ ಕೈಗೆ ಬರೋದು ಬೆಳಿಗ್ಗೆನೇ.’

ಸ್ಟಾಫ್ ರೂಮಿನಲ್ಲಿ ಅವತ್ತು ನನ್ನ ಬಾಯಿ ಕಟ್ಟಿಹೋಯಿತು.

ಹಗಲು ಶಾಲೆಯಲ್ಲಿ ಫೋನ್ ತರಬಾರದು ಅನ್ನುವವರೂ ನಾವೇ, ರಾತ್ರಿ ಅದೇ ಫೋನಿಗೆ ಪಾಠ ಕಳಿಸುವವರೂ ನಾವೇ. ಮನೆಯಲ್ಲಿ ಏನು ನಿಯಮ ಇದೆ ಅಂತ ನಾನು ಕೇಳಿರಲಿಲ್ಲ, ಮೆಸೇಜ್ ಯಾವ ಹೊತ್ತಿಗೆ ಬರುತ್ತಿದೆ ಅಂತ ಆಕೆಯೂ ಹೇಳಿರಲಿಲ್ಲ. ಎರಡೂ ಕಡೆಯ ಸಮಾಚಾರ ಪೂರ್ತಿ ಗೊತ್ತಿದ್ದವನು ಆ ಹುಡುಗ ಒಬ್ಬನೇ. ಹದಿನಾಲ್ಕರ ಬುದ್ಧಿಗೆ ಅಷ್ಟು ಸಂದು ಸಾಕು. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೇ ತೂರುತ್ತಾರೆ.

ಶಾಲೆಯಲ್ಲಿ ಫೋನ್ ಪೂರ್ತಿ ನಿಲ್ಲಿಸಿಬಿಟ್ಟರೆ ಆಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಫ್ರಾನ್ಸ್ 2018ರಲ್ಲೇ ಹಾಗೆ ಕಾನೂನು ಮಾಡಿತು. ಆಸ್ಟ್ರೇಲಿಯಾ ಇನ್ನೂ ಮುಂದೆ ಹೋಗಿ, 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರಿಗೆ ಸೋಷಿಯಲ್ ಮೀಡಿಯಾ ಖಾತೆಯನ್ನೇ ಬಂದ್ ಮಾಡಿದೆ. ತರಗತಿಯಲ್ಲಿ ಫೋನ್ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ ಇದೆ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಸಮೀಕ್ಷೆಯಲ್ಲಿ, 2022ರಲ್ಲಿ, ಗಣಿತದ ಕೆಲವು ತರಗತಿಗಳಲ್ಲಾದರೂ ಡಿಜಿಟಲ್ ಸಾಧನಗಳಿಂದ ಗಮನ ತಪ್ಪುತ್ತದೆ ಅಂತ ಶೇ. 65ರಷ್ಟು ಮಕ್ಕಳು ತಾವೇ ಒಪ್ಪಿಕೊಂಡಿದ್ದಾರೆ. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಸಾಕ್ಷಿ ಬೇಕೇ?

ಆದರೆ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 30 ಶಾಲೆಗಳ ಸಾವಿರದ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2025ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ಉತ್ಸಾಹವನ್ನು ಸ್ವಲ್ಪ ಇಳಿಸಿತು. ಫೋನ್ ನಿರ್ಬಂಧಿಸಿದ ಶಾಲೆಯ ಮಕ್ಕಳಿಗೂ ಬಳಸಲು ಬಿಟ್ಟ ಶಾಲೆಯ ಮಕ್ಕಳಿಗೂ ಮಾನಸಿಕ ನೆಮ್ಮದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಶಾಲೆಯ ಹೊತ್ತಿನಲ್ಲಿ ಬಳಕೆ ಕಡಿಮೆ ಇತ್ತು ನಿಜ. ಇಡೀ ದಿನದ ಲೆಕ್ಕ ಹಾಕಿದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಎರಡೂ ಬಗೆಯ ಶಾಲೆಗಳಲ್ಲಿ ಫೋನ್ ಹೆಚ್ಚು ಬಳಸುವವರಿಗೇ ನಿದ್ದೆಯದೂ ಮನಸ್ಸಿನದೂ ತೊಂದರೆ ಹೆಚ್ಚಿತ್ತು. ಯಾವುದರಿಂದ ಯಾವುದು ಅಂತ ಇಂಥ ಒಂದು ಅಧ್ಯಯನ ಹೇಳಲಾರದು. ಆದರೂ ಶಾಲೆಯ ಗೇಟಿನ ಒಳಗಿನ ಕಾನೂನು ಗೇಟಿನ ಆಚೆಗೆ ನಡೆಯುವುದಿಲ್ಲ ಅನ್ನುವಷ್ಟು ಅರ್ಥವಾಗುತ್ತದೆ.

ನನ್ನ ಪ್ರಕಾರ ಇಡೀ ಜಗಳ ಇರುವುದು ರಾತ್ರಿ ಒಂಬತ್ತರ ನಂತರದ ಒಂದೆರಡು ಗಂಟೆ ಹೊತ್ತಿನಲ್ಲಿ. ಹದಿಹರೆಯಕ್ಕೆ ಬಂದಾಗ ದೇಹದ ಗಡಿಯಾರ ಹಿಂದೆ ಬೀಳುತ್ತದೆ. ನಿದ್ದೆಗೆ ಕರೆಯುವ ಮೆಲಟೋನಿನ್ ಅನ್ನುವ ಹಾರ್ಮೋನು ದೊಡ್ಡವರಿಗಿಂತ ತಡವಾಗಿ ಏರುತ್ತದೆ. ಹತ್ತು ಗಂಟೆಗೆ ‘ನಿದ್ದೆ ಬರ್ತಿಲ್ಲ’ ಅಂದರೆ ಅದು ನೆಪವಲ್ಲ. ಈ ವಯಸ್ಸಿಗೆ ಬೇಕಾದದ್ದು 8ರಿಂದ 10 ಗಂಟೆ ನಿದ್ದೆ. ಬೆಳಿಗ್ಗೆ ಆರಕ್ಕೆ ಏಳಬೇಕಾದವನು ರಾತ್ರಿ ಹತ್ತಕ್ಕೆ ಮಲಗಿದರೂ ಎಂಟೇ ಗಂಟೆ. ನನ್ನ 9.34ರ ಲೆಕ್ಕ ಆ ಹತ್ತನ್ನು ಅಲ್ಲೇ ನುಂಗಿತು.

ಅದರ ಹಿಂದೆಯೇ ರೀಲ್ಸ್ ಬರುತ್ತದೆ. ಪುಸ್ತಕಕ್ಕೆ ಅಧ್ಯಾಯ ಮುಗಿಯುತ್ತದೆ, ಧಾರಾವಾಹಿಗೆ ‘ಮುಂದುವರಿಯುವುದು’ ಅಂತಾದರೂ ಬರುತ್ತದೆ. ಇದಕ್ಕೆ ತುದಿಯೇ ಇಲ್ಲ, ತುದಿ ಇರಬಾರದು ಅಂತಲೇ ಮಾಡಿದ್ದು. ನಾಲ್ಕು ಸಪ್ಪೆ, ಐದನೆಯದು ಭರ್ಜರಿ. ಆ ಐದನೆಯದು ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದಲೇ ಬೆರಳು ನಿಲ್ಲುವುದಿಲ್ಲ. ಜೂಜಿನ ಯಂತ್ರ ಹಿಡಿದು ಕೂರಿಸುವುದೂ ಹೀಗೇ. ‘ಐದೇ ನಿಮಿಷ ಅಪ್ಪ’ ಅನ್ನುವಾಗ ಮಗಳು ಸುಳ್ಳು ಹೇಳುತ್ತಿರುವುದಿಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿರುತ್ತಾಳೆ.

ಆ ತಾಯಿ ಬಂದುಹೋದ ಮೇಲೆ ನಾವು ಮಾಡಿದ್ದು ದೊಡ್ಡ ಯೋಜನೆಯೇನಲ್ಲ. ಹೋಂವರ್ಕನ್ನು ಕೊನೆಯ ಬೆಲ್ಲಿಗೆ ಮುಂಚೆ ಬೋರ್ಡಿನ ಮೇಲೆ ಬರೆದು ಡೈರಿಗೆ ಇಳಿಸಿಕೊಳ್ಳಲು ಹೇಳಿದೆವು. ಸಂಜೆ ಆರರ ನಂತರ ಗ್ರೂಪಿಗೆ ಏನೂ ಹಾಕುವುದಿಲ್ಲ ಅಂತ ಮೇಷ್ಟ್ರುಗಳೇ ಮೊದಲು ಒಪ್ಪಿಕೊಂಡೆವು. ಅದು ಸುಲಭವಾಗಿರಲಿಲ್ಲ, ಮರೆತದ್ದನ್ನು ರಾತ್ರಿ ನೆನಪಿಸಿಕೊಂಡು ಕಳಿಸುವ ಚಟ ನಮಗೂ ಇತ್ತು. ಆಮೇಲಷ್ಟೇ ಪೋಷಕರ ಸಭೆಯಲ್ಲಿ ಮನೆಯ ಮಾತು ಎತ್ತಿದೆವು: ರಾತ್ರಿ ಫೋನು ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ. ‘ಅಲಾರಂ ಬೇಕಲ್ಲ ಸಾರ್’ ಅಂತ ಒಬ್ಬರು ಎದ್ದರು. ಅಲಾರಂ ಗಡಿಯಾರ ಇನ್ನೂ ಮಾರುತ್ತಾರೆ ಅಂದೆ. ಸಭೆ ನಕ್ಕಿತು.

ನಗು ನಿಂತ ಮೇಲೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. ಮಕ್ಕಳನ್ನೂ ಕರೆದಿದ್ದೆವು. ‘ಅಪ್ಪ ಅಮ್ಮನ ಫೋನೂ ಹೊರಗೇ ಇರುತ್ತಾ?’ ಈ ಸಲ ಯಾರೂ ನಗಲಿಲ್ಲ. ಕೆಲವು ಮನೆಗಳಲ್ಲಿ ಎರಡೇ ವಾರಕ್ಕೆ ಈ ಏರ್ಪಾಟು ಮುರಿದುಬಿತ್ತು. ವಿಚಾರಿಸಿದರೆ, ಹೆಚ್ಚಿನ ಕಡೆ ಮೊದಲು ಫೋನ್ ಒಳಗೆ ತಂದುಕೊಂಡವರು ದೊಡ್ಡವರೇ.

ದಿನಕ್ಕೆ ಎಷ್ಟು ಗಂಟೆ ಕೊಡಬಹುದು ಅಂತ ಎಲ್ಲ ಸಭೆಯಲ್ಲೂ ಕೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2016ರಲ್ಲಿ, ದೊಡ್ಡ ಮಕ್ಕಳಿಗೆಲ್ಲ ಒಂದೇ ಲೆಕ್ಕದ ಎರಡು ಗಂಟೆಯ ಮಿತಿಯನ್ನು ಬಿಟ್ಟು, ಪ್ರತಿ ಮನೆಯೂ ತನ್ನದೇ ಯೋಜನೆ ಮಾಡಿಕೊಳ್ಳಲಿ ಅಂದಿತು. ನಾನು ಗಂಟೆ ಎಣಿಸುವುದಿಲ್ಲ. ನಿದ್ದೆ, ಆಟ, ಎದುರಾಬದುರು ಕೂತು ಆಡುವ ಮಾತು, ಇವುಗಳಲ್ಲಿ ಯಾವುದನ್ನು ಫೋನು ತಿಂದಿದೆ ಅಂತ ನೋಡುತ್ತೇನೆ.

ಇನ್ನೊಂದು ವಿಷಯ, ಇದು ಸ್ವಲ್ಪ ಸೂಕ್ಷ್ಮ. ಒಬ್ಬ ವಿದ್ಯಾರ್ಥಿನಿಯ ಫೋಟೊವನ್ನು ಯಾರೋ ಸ್ಟಿಕ್ಕರ್ ಮಾಡಿ ಗ್ರೂಪುಗಳಲ್ಲಿ ಹರಿಯಬಿಟ್ಟಿದ್ದರು. ಮೂರು ವಾರ ಅವಳು ಬಾಯಿ ಬಿಡಲಿಲ್ಲ. ಯಾಕೆ ಅಂದರೆ, ‘ಮನೇಲಿ ಹೇಳಿದ್ರೆ ಫೋನ್ ಕಿತ್ಕೋತಾರೆ, ಸ್ಕೂಲಲ್ಲಿ ಹೇಳಿದ್ರೆ ಮನೆಗೆ ಹೇಳ್ತಾರೆ.’ ಎರಡು ಬಾಗಿಲನ್ನೂ ನಾವೇ ಮುಚ್ಚಿದ್ದೆವು. ಆಮೇಲೆ, ಫೋನಿನ ಬಗ್ಗೆ ಮನೆಯೂ ಶಾಲೆಯೂ ಒಪ್ಪಿ ಬರೆದಿಟ್ಟುಕೊಂಡಿದ್ದ ನಿಯಮಗಳ ಹಾಳೆಯಲ್ಲಿ ಒಂದು ಸಾಲು ಸೇರಿಸಿದೆವು: ‘ತೊಂದರೆಯಾಗಿದೆ ಎಂದು ತಾನಾಗಿ ಬಂದು ಹೇಳಿದ ಮಗುವಿನ ಫೋನನ್ನು ಮನೆಯವರೂ ಕಿತ್ತುಕೊಳ್ಳುವುದಿಲ್ಲ, ಶಾಲೆಯವರೂ ಕಿತ್ತುಕೊಳ್ಳುವುದಿಲ್ಲ.’ ಕೆಳಗೆ ಪೋಷಕರ ಸಹಿ, ಕ್ಲಾಸ್ ಟೀಚರ್ ಸಹಿ. ಆ ಹಾಳೆಯಲ್ಲಿ ಮಕ್ಕಳು ಎರಡು ಸಲ ಓದಿದ್ದು ಅದೊಂದೇ ಸಾಲು.

ಅಂಥದೇ ಹಾಳೆಯ ನಕಲುಗಳನ್ನು ತಂದಿದ್ದೇನೆ, ಮೇಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಶಾಲೆಯವರು ಸಂಜೆ ಎಷ್ಟು ಗಂಟೆಗೆ ಮೆಸೇಜ್ ನಿಲ್ಲಿಸುತ್ತೀರಿ ಅನ್ನುವುದನ್ನು ಮೊದಲು ತುಂಬಿ. ಪ್ರಶ್ನೆಗಳಿದ್ದರೆ ಕೇಳಬಹುದು. ಹಿಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ಮೊದಲು ಮೈಕ್ ಕೊಡಿ.